ವಾಲಿ ಸಾಯುವುದು ಎಲ್ಲರಿಗೂ ಗೊತ್ತು

ಕರಾವಳಿಯವರಿಗೆ ಚಿತ್ರಕಥೆ ಬರೆಯುವುದನ್ನು ಕಲಿಸಬೇಕಿಲ್ಲ, ಯಕ್ಷಗಾನ ನೋಡಿಯೇ ಬೆಳೆದವರಲ್ಲವೇ! ವಿಮರ್ಶಕರ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಸಾಕ್ಷಿಗೆ ಹೊನ್ನಾವರದ ಮಲ್ಲಾಪುರದಲ್ಲಿ ಹುಟ್ಟಿದ ನಟ, ನಿರ್ದೇಶಕ ಶಂಕರ್‌ನಾಗ್ ಅವರನ್ನು ಕರೆಯುತ್ತಾರೆ. ಅವರು ಪಳಗಿದ್ದು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಭಟ್ಕಳ, ಹೊನ್ನಾವರ, ಕುಮಟೆಯ ಹುಡುಗರು ನನಗೆ ಓದಲು ಕೊಡುವ ಚಿತ್ರಕಥೆಗಳಲ್ಲಿ ಯಕ್ಷಗಾನ ಇದೆ, ಇಲ್ಲವೆನ್ನಲಾರೆ. ಇರುವುದು ಬರೀ ಅರ್ಥಗಾರಿಕೆ, ಅದರ ಮಾತಿನ ಭಾಗ. ಮೀನುಗಾರ ಹರಿದ ಬಲೆ ನೋಡುತ್ತಾನೆ. ಮರುಸಾಲಿನಲ್ಲೇ ಬಲೆ ಹರಿಯಿತು, ಸಾಲ ತೀರಿಸುವುದು ಹೇಗೆ ಎಂದು ಗೋಳಾಡುತ್ತಾನೆ. ಕೂತು ಆಡುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡುವ ಭಾಗವತರ ಪದವನ್ನು ಅರ್ಥಧಾರಿ ಮಾತಿನಲ್ಲಿ ಬಿಡಿಸಲೇಬೇಕು. ಕ್ಯಾಮೆರಾ ಪದ ಹೇಳಿ ಮುಗಿಸಿದ ಮೇಲೆ ಇನ್ನೆಂಥ ಅರ್ಥ? ಮನೆಯಲ್ಲಿ ಕೊಂಕಣಿ, ನವಾಯತಿ, ಹವ್ಯಕ ಆಡುವವರೆಲ್ಲ ಹಾಳೆಯ ಮೇಲೆ ಒಂದೇ ಪುಸ್ತಕದ ಕನ್ನಡ ಒದರುತ್ತಾರೆ, ಅದು ಬೇರೆ.

ಇವೆಲ್ಲ ಕೆಂಪು ಪೆನ್ನಿಗೆ ಸಿಗುವ ತಪ್ಪುಗಳು. ಸಿಗದೇ ಇರುವುದು ಗುಟ್ಟನ್ನು ಕೊನೆಯ ಸೀನಿನ ತನಕ ಬಚ್ಚಿಡುವ ಚಟ. ಕೊಲೆಗಾರ ಅಪ್ಪನೇ ಎಂದು ಕಡೆಗೆ ತಿಳಿಯಬೇಕಾದರೆ ಅಲ್ಲಿಯವರೆಗೆ ಆ ಅಪ್ಪನನ್ನು ಒಬ್ಬನೇ ಕೋಣೆಯಲ್ಲಿ ಕೂರಿಸುವ ಹಾಗಿಲ್ಲ. ಅವನು ಹೆದರುವಂತಿಲ್ಲ, ಲೆಕ್ಕ ಹಾಕುವಂತಿಲ್ಲ. ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನೇ ಮರದ ಬೊಂಬೆಯಾಗುತ್ತಾನೆ.

ಅದೇ ಶಂಕರ್‌ನಾಗ್ ನಿರ್ದೇಶಿಸಿದ 1985ರ ‘ಆಕ್ಸಿಡೆಂಟ್’ ನೋಡಿ. ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದವನು ರಾಜಕಾರಣಿ ಧರ್ಮಾಧಿಕಾರಿಯ ಮಗನೆಂದು ನಮಗೆ ಬೇಗನೇ ಗೊತ್ತಾಗುತ್ತದೆ. ಗೊತ್ತಾದ್ದರಿಂದಲೇ ಅನಂತ್‌ನಾಗ್ ಅವರ ಧರ್ಮಾಧಿಕಾರಿಗೆ ಕೆಲಸ ಸಿಗುತ್ತದೆ. ಮಗನನ್ನು ಉಳಿಸಬೇಕು, ಕುರ್ಚಿಯನ್ನೂ ಉಳಿಸಬೇಕು. ಅವನು ಯೋಚಿಸುವುದನ್ನು ನಾವು ಕೂತು ನೋಡಬಹುದು. ಶಂಕರ್ ಅಭಿನಯಿಸಿದ ಪತ್ರಕರ್ತ ಒಂದೊಂದು ಬಾಗಿಲು ತಟ್ಟುವಾಗಲೂ ಆಚೆ ಯಾರಿದ್ದಾರೆಂದು ಅವನಿಗಿಂತ ಮೊದಲು ನಮಗೆ ಗೊತ್ತು. ಯಾರು ಮಾಡಿದರು ಎಂಬ ಪ್ರಶ್ನೆ ತೀರಿಹೋಗಿ, ಇವರು ದಕ್ಕಿಸಿಕೊಳ್ಳುತ್ತಾರೆಯೇ ಎಂಬುದು ಉಳಿಯುತ್ತದೆ. ಹಾಡಿಲ್ಲದ ಕನ್ನಡ ಸಿನಿಮಾ ಎಂದು ಇದನ್ನು ಹೊಗಳಿದವರು ಈ ಹೆಣಿಗೆಯನ್ನು ಬಿಚ್ಚಿ ನೋಡುವ ಗೋಜಿಗೇ ಹೋಗಲಿಲ್ಲ.

ಯಕ್ಷಗಾನದಿಂದ ಕಲಿಯುವುದಿದ್ದರೆ ಗುಟ್ಟನ್ನು ಮೊದಲೇ ಬಿಟ್ಟುಕೊಡುವ ಈ ಹೆಣಿಗೆಯನ್ನು ಕಲಿಯಬೇಕಿತ್ತು. ವಾಲಿವಧೆಗೆ ಬಂದು ಕೂತವರಲ್ಲಿ ವಾಲಿ ಸಾಯುತ್ತಾನೆಂದು ತಿಳಿಯದವರು ಯಾರು? ಬಾಣ ತಾಗಿದ ಮೇಲೆಯೇ ಪ್ರಸಂಗ ಬಿಸಿಯೇರುವುದು. ಮರೆಯಲ್ಲಿ ನಿಂತು ಹೊಡೆದೆಯಲ್ಲ ಎಂದ ವಾಲಿಗೆ ಇವತ್ತಿನ ರಾಮನ ಪಾತ್ರಧಾರಿ ಏನು ಹೇಳುತ್ತಾನೆಂದು ಜನ ನಿದ್ದೆಗೆಟ್ಟು ಕಾಯುತ್ತಾರೆ. ಪರಂಪರೆ, ರಕ್ತ ಎಂದು ಭಾಷಣ ಬಿಗಿಯುವ ಮಹನೀಯರು ಹುಡುಗರಿಗೆ ಈ ಒಂದು ಸಂಗತಿ ತೋರಿಸಿದ್ದರೆ ಸಾಕಿತ್ತು.

‘ಆಕ್ಸಿಡೆಂಟ್’ ಕುಂದಿಲ್ಲದ್ದೇನಲ್ಲ. ಆ ಪತ್ರಕರ್ತನಿಗೆ ಪ್ರಾಮಾಣಿಕತೆಯೊಂದನ್ನು ಬಿಟ್ಟರೆ ಬೇರೆ ಗುಣವೇ ಇಲ್ಲ. ನಮ್ಮ ಹುಡುಗರು ಚಾಚೂ ತಪ್ಪದೆ ನಕಲು ಮಾಡುವುದು ಅವನನ್ನೇ.