‘ನಿಸ್ತಂತು’ ಪದದ ವಿಮರ್ಶೆ

ಖಾದಿ ನೂಲಿಗೆ ಹೆಸರಾದ ಬದನವಾಳಿನಲ್ಲಿ ‘ನಿಸ್ತಂತು ಜಾಲ’ ಎಂಬ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ತಂತುವೆಂದರೆ ಎಳೆ, ಎಳೆಯಿಲ್ಲದೆ ಬಲೆಯನ್ನು ನೆಯ್ಯುವುದೆಂತು? ಪದ ಕಟ್ಟಿದವರು ಇಲ್ಲದ್ದನ್ನು ಹೇಳಿ ಇರುವುದನ್ನು ಮರೆತರೆಂಬುದೇ ನಮ್ಮ ಆಕ್ಷೇಪ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತೆರೆದ ಬಾನುಲಿ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಪುರಾಣದ್ದಾದರೂ, ನಡೆಯುವ ಕ್ರಿಯೆಯನ್ನೇ ನುಡಿಯುತ್ತದೆ.

ದೋಷವು ಬರಿಯ ಸೊಗಸಿಗೆ ಸಂಬಂಧಿಸಿದುದಲ್ಲ. ವೈ-ಫೈ ಎಂಬುದು ಮನೆಯ ರೌಟರಿಗೂ ಕೈಯ ಫೋನಿಗೂ ನಡುವಣ ಕೆಲವು ಮಾರುಗಳ ರೇಡಿಯೋ ಸಂಪರ್ಕ ಮಾತ್ರ. (ಇದನ್ನು ‘ವೈರ್‌ಲೆಸ್ ಫಿಡೆಲಿಟಿ’ಯ ಸಂಕ್ಷೇಪವೆನ್ನುವವರುಂಟು, ಅದು ಸರಿಯಲ್ಲ. 1999ರಲ್ಲಿ ವ್ಯಾಪಾರಕ್ಕೆಂದು ಹುಟ್ಟಿಸಿದ ಹೆಸರಿದು.) ರೌಟರಿನಿಂದಾಚೆಗೆ ಸಾಮಾನ್ಯವಾಗಿ ತಾಮ್ರದ ತಂತಿ, ಇಲ್ಲವೆ ಗಾಜಿನ ಎಳೆ ಇದ್ದೇ ಇರುತ್ತದೆ. ಫೋನು ತೋರಿಸುವ ವೈ-ಫೈ ಗೆರೆಗಳು ಆ ಕೆಲವು ಮಾರುಗಳ ಬಲವನ್ನಷ್ಟೇ ತಿಳಿಸುತ್ತವೆ. ಬೀದಿಯಲ್ಲಿ ಎಳೆ ಕಡಿದಿದ್ದರೂ ಅವು ತುಂಬಿಯೇ ಕಾಣಬಹುದು. ಎಲ್ಲವೂ ನಿಸ್ತಂತುವೆಂದು ನಂಬಿದ ಗೃಹಸ್ಥನು ಆಗ ಕೆಟ್ಟದ್ದು ಫೋನೇ ಎಂದು ತಿಳಿದು ರಿಪೇರಿಗೆ ಹಣ ತೆರುವುದುಂಟು.

ಪದಕೋಶಗಳನ್ನು ಪರಿಷ್ಕರಿಸುವವರು ಒಳಮನೆಯ ಭಾಗವನ್ನು ‘ರೇಡಿಯೋ ಕೊಂಡಿ’ ಎಂದೂ ಹೊರಗಿನದನ್ನು ‘ಎಳೆ’ ಎಂದೂ ಬೇರ್ಪಡಿಸಿ ಹೆಸರಿಸುವುದು ಲೇಸೆಂದು ನಮ್ಮ ಸೂಚನೆ.