ಹಡಗಿನ ಮೊದಲ ದಿನ ಕಡಲಿಗೆ ಸಲ್ಲಬೇಕು

2022ರ ಜೂನ್ 8ರಂದು ‘ಎಂಪ್ರೆಸ್’ ಹಡಗು ವಿಶಾಖಪಟ್ಟಣಕ್ಕೆ ಬಂದಿತು. ಅಲ್ಲಿಂದ ಚೆನ್ನೈ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯತೊಡಗಿದಾಗ ಪೂರ್ವ ಕರಾವಳಿಯ ಮಧ್ಯಮ ವರ್ಗಕ್ಕೆ ಹೊಸ ಬಗೆಯ ರಜೆಯೊಂದು ತೆರೆದುಕೊಂಡಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಸುಮಾರು 96 ಕೋಟಿ ರೂಪಾಯಿಯ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಅಲ್ಲಿಯೇ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ವಿಜಯವಾಡದ ಮೇಲಿಂದ ವಿಶಾಖಪಟ್ಟಣ ತಲುಪಬಹುದು. ಹಾಗಾಗಿ ಈ ವಿಹಾರ ಕನ್ನಡದ ಕುಟುಂಬಗಳಿಗೂ ದೂರದ ಮಾತಲ್ಲ. ಇಂಥ ಪ್ರವಾಸದ ಬೆಲೆ ಕಟ್ಟಲು ಊಟದ ರುಚಿ, ಕೋಣೆಯ ಅಂದ ಸಾಲವು. ಮೊದಲ ದಿನ ಹೇಗೆ ಕಳೆಯಿತು ಎಂಬುದನ್ನು ನೋಡಬೇಕು. ಉಳಿದ ದಿನಗಳನ್ನು ಮನೆಮಂದಿ ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಮೆಚ್ಚಬೇಕಾದ ಸಂಗತಿಗಳು ನಿಜವಾಗಿಯೂ ಇವೆ. ಮೂರು ತಲೆಮಾರು ಒಟ್ಟಿಗೆ ಹೊರಟರೆ ನಮ್ಮಲ್ಲಿ ಅರ್ಧ ರಜೆ ಗಂಟುಮೂಟೆ ಕಟ್ಟುವುದರಲ್ಲಿ, ಬಸ್ಸು ಬದಲಿಸುವುದರಲ್ಲಿ ಮುಗಿಯುತ್ತದೆ. ಹಡಗಿನಲ್ಲಿ ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಸಾಕು, ಊರುಗಳೇ ಹತ್ತಿರ ಬರುತ್ತವೆ. ಮಂಡಿನೋವಿನ ಅಜ್ಜಿಗೆ ಲಿಫ್ಟ್ ಇದೆ, ಸಸ್ಯಾಹಾರಿಗೆ ಊಟದ ಚಿಂತೆಯಿಲ್ಲ, ಮಕ್ಕಳಿಗೆ ಆಡಲು ಜಾಗವಿದೆ. ಮನೆಯ ಹೆಂಗಸರಿಗೆ ಅಡುಗೆಯಿಂದ ಬಿಡುವು ಸಿಗುತ್ತದೆ. ಇದು ಸಣ್ಣ ಮಾತಲ್ಲ.

ತಕರಾರು ಇರುವುದು ದಿನದ ಜೋಡಣೆಯಲ್ಲಿ. ಎಂಪ್ರೆಸ್ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಅದರಲ್ಲಿ ಈಜುಕೊಳ, ರಂಗಮಂದಿರ, ಕ್ಯಾಸಿನೊ, ಹತ್ತಲು ಕೃತಕ ಬಂಡೆಗೋಡೆ ಎಲ್ಲ ಇವೆ. ಈ ಬಗೆಯ ಹಡಗುಗಳೆಲ್ಲ ಒಳಮುಖವಾಗಿ ಯೋಚಿಸಿ ಕಟ್ಟಿದವು. ಕಡಿಮೆ ದರದ ಒಳಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ. ಹತ್ತಿದ ಕೂಡಲೇ ಬಫೆ, ಆಮೇಲೆ ಕೊಳ, ರಾತ್ರಿ ಪ್ರದರ್ಶನ ಎಂದು ಮೊದಲ ದಿನ ಉರುಳಿದರೆ, ಮಗು ಹಡಗನ್ನು ಇನ್ನೊಂದು ಮಾಲ್ ಎಂದೇ ಅರಿಯುತ್ತದೆ. ಆ ಸುಖಗಳೆಲ್ಲ ನೆಲದ ಮೇಲೂ ಸಿಗುತ್ತವೆ. ಹಡಗಿನಲ್ಲಷ್ಟೇ ಸಿಗುವುದು ಬಂದರು ಬಿಡುವ ಗಳಿಗೆ.

ವಿಶಾಖಪಟ್ಟಣದಲ್ಲಿ ಆ ಗಳಿಗೆ ಬಹಳ ಶ್ರೀಮಂತವಾದದ್ದು. ದಪ್ಪ ಹಗ್ಗಗಳನ್ನು ಬಿಚ್ಚುತ್ತಾರೆ, ಟಗ್ ದೋಣಿಗಳು ಹಡಗಿನ ಮೈಗೆ ಬಂದು ನಿಲ್ಲುತ್ತವೆ, ಬಂದರಿನ ಪೈಲಟ್ ದಾರಿ ತೋರಿಸುತ್ತಾನೆ. ಡಾಲ್ಫಿನ್ಸ್ ನೋಸ್ ಗುಡ್ಡ ನಿಧಾನವಾಗಿ ಹಿಂದೆ ಸರಿಯುತ್ತದೆ. ಹಡಗು ಆಳ ನೀರಿಗೆ ಬಂದ ಮೇಲೆ ಪೈಲಟ್ ಏಣಿ ಇಳಿದು ತನ್ನ ಸಣ್ಣ ದೋಣಿಯಲ್ಲಿ ಮರಳುತ್ತಾನೆ. 1933ರಲ್ಲಿ ತೆರೆದ ಬಂದರು ಇದು. 1948ರ ಮಾರ್ಚ್ 14ರಂದು ನೆಹರೂ ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದ್ದು ಇದೇ ಊರಿನ ಹಡಗುಕಟ್ಟೆಯಲ್ಲಿ. ಡೆಕ್ಕಿನ ಮೇಲೆ ಒಬ್ಬರು ನಿಂತು ಇಷ್ಟನ್ನು ಹೇಳಿದರೂ ಮಕ್ಕಳ ಪಾಲಿಗೆ ಅದೇ ದಿನದ ದೊಡ್ಡ ಪ್ರದರ್ಶನ.

ವಿಜಯವಾಡದ ಕೃಷ್ಣಾ ನದಿಯ ವಿಹಾರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಪುನ್ನಮಿ ಘಾಟ್‌ನಿಂದ ಭವಾನಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಹೇಳಿಕೊಳ್ಳುವಂಥ ಸೌಕರ್ಯವೇನೂ ಇಲ್ಲ. ಆದರೆ ಹತ್ತಿದವರೆಲ್ಲರ ಮುಖ ಹೊರಗಿರುತ್ತದೆ. 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜ್ ಹಿಡಿದು ನಿಲ್ಲಿಸಿದ ನೀರು, ಕನಕದುರ್ಗೆಯ ಇಂದ್ರಕೀಲಾದ್ರಿ, ನದಿಗಾಳಿ: ಅಲ್ಲಿ ನೀರೇ ಕಾರ್ಯಕ್ರಮ. ಈ ಗುಣವನ್ನು ದೊಡ್ಡ ಹಡಗು ಕಲಿಯಬೇಕು.

ಅದೇ ನದಿ ಕಠಿಣವಾದ ಇನ್ನೊಂದು ಪಾಠವನ್ನೂ ಇಟ್ಟಿದೆ. 2017ರ ನವೆಂಬರ್ 12, ಕಾರ್ತಿಕ ಮಾಸದ ಭಾನುವಾರ, ಇಬ್ರಾಹಿಂಪಟ್ಟಣದ ಬಳಿಯ ಪವಿತ್ರ ಸಂಗಮದ ಹತ್ತಿರ ಪರವಾನಗಿಯಿಲ್ಲದ ದೋಣಿಯೊಂದು ಮಗುಚಿ 20ಕ್ಕೂ ಹೆಚ್ಚು ಮಂದಿ ಸತ್ತರು. ಲೈಫ್ ಜಾಕೆಟ್‌ಗಳನ್ನು ಕೊಟ್ಟಿರಲಿಲ್ಲ. ದೊಡ್ಡ ಹಡಗುಗಳೂ ಇಂಥ ಬೆಲೆ ತೆತ್ತೇ ಕಲಿತವು. 2012ರ ಜನವರಿ 13ರ ರಾತ್ರಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಮಂದಿ ಅಸುನೀಗಿದಾಗ, ಆ ಸಂಜೆಯಷ್ಟೇ ಹತ್ತಿದ ನೂರಾರು ಜನರಿಗೆ ಸುರಕ್ಷತಾ ಕವಾಯತು ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗಿನ ನಿಯಮವಿತ್ತು. 2015ರ ಜನವರಿಯಿಂದ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ನಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮ ಬದಲಾಯಿತು.

ಆದ್ದರಿಂದ ಕವಾಯತನ್ನು ಊಟಕ್ಕೂ ಮನರಂಜನೆಗೂ ನಡುವಿನ ಕಿರಿಕಿರಿ ಎಂದು ಕಾಣುವುದು ತಪ್ಪು. ಏಳು ಗಿಡ್ಡ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಎಲ್ಲಿ ಸೇರಬೇಕು, ಅಜ್ಜಿಯ ಕೈ ಯಾರು ಹಿಡಿಯಬೇಕು, ಮಗುವಿನ ಅಳತೆಯ ಜಾಕೆಟ್ ಎಲ್ಲಿದೆ ಎಂಬುದನ್ನು ಮನೆಮಂದಿಯೆಲ್ಲ ಒಟ್ಟಿಗೆ ತಿಳಿಯುವ ಹೊತ್ತು ಅದು. ಹಿಂದಿ, ಇಂಗ್ಲಿಷ್ ಬಾರದ ಹಿರಿಯರಿಗೆ ತೆಲುಗಿನಲ್ಲಿ, ತಮಿಳಿನಲ್ಲಿ, ಕನ್ನಡದಲ್ಲಿ ತಿಳಿಸುವುದು ಉಪಚಾರವಲ್ಲ, ಕರ್ತವ್ಯ.

ಒಟ್ಟಿನಲ್ಲಿ ಈ ವಿಹಾರ ಹೋಗತಕ್ಕದ್ದೇ. ಆದರೆ ಕವಾಯತು ಮುಗಿದು ಬಂದರು ದಾಟುವವರೆಗಿನ ಹೊತ್ತಿನಲ್ಲಿ ಬೇರೆ ಯಾವ ಕಾರ್ಯಕ್ರಮವೂ ಇರಬಾರದು. ಹಡಗಿನವರು ಹಾಗೆ ಮಾಡದಿದ್ದರೆ ಹೆತ್ತವರೇ ಮಕ್ಕಳನ್ನು ಡೆಕ್ಕಿಗೆ ಕರೆದುಕೊಂಡು ಹೋಗಲಿ. ಊಟ ಒಂದು ಗಂಟೆ ತಡವಾದರೆ ನಷ್ಟವಿಲ್ಲ. ಕಡಲನ್ನು ತಪ್ಪಿಸಿಕೊಂಡರೆ ಕೊಟ್ಟ ದುಡ್ಡು ಹೋಟೆಲಿನ ಬಾಡಿಗೆಯಾಗಿಯೇ ಉಳಿಯುತ್ತದೆ.