ಒಳಪದರ ದಪ್ಪವಾಗದಿದ್ದರೆ ಸಾಕೇ?

ಹೃದಯ ಕಸಿಯಾದ ಕೆಲವು ವರ್ಷಗಳಲ್ಲಿ, ಹೊಸ ಹೃದಯದ ಕರೊನರಿ ಧಮನಿಗಳೂ ಕಿರಿದಾಗುವುದುಂಟು. ಪಠ್ಯಪುಸ್ತಕದಲ್ಲಿ ನೀವು ಓದಿರುವ, ಅಲ್ಲಲ್ಲಿ ಕೊಬ್ಬು ಶೇಖರವಾಗುವ ರೋಗಕ್ಕಿಂತ ಇದು ಭಿನ್ನ. ಇಲ್ಲಿ ಧಮನಿಯ ಒಳಪದರ ಸುತ್ತಲೂ, ಉದ್ದಕ್ಕೂ ದಪ್ಪವಾಗುತ್ತದೆ. ದಾನಿಯ ಧಮನಿಯನ್ನು ರೋಗಿಯ ರೋಗರಕ್ಷಣಾ ವ್ಯವಸ್ಥೆ ಪರಕೀಯವೆಂದು ಗುರುತಿಸುವುದು ಇದರ ಮುಖ್ಯ ಕಾರಣ. ಕಸಿಯಲ್ಲಿ ನರಗಳು ಕತ್ತರಿಸಿಹೋಗುವುದರಿಂದ ಅನೇಕರಿಗೆ ಎದೆನೋವಿನ ಮುನ್ಸೂಚನೆಯೂ ಇರದು.

ಈ ರೋಗವನ್ನು ತಡೆಯುವ ದಾರಿಯಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಪ್ರಯೋಗವೊಂದು 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಐಸೆನ್ ಮತ್ತು ಸಂಗಡಿಗರು 634 ರೋಗಿಗಳನ್ನು ಮೂರು ಗುಂಪು ಮಾಡಿದರು. ವರ್ಷದ ಬಳಿಕ ರೋಗ ಕಂಡದ್ದು ಹಳೆಯ ಔಷಧ ಅಜಥಯೊಪ್ರಿನ್ ಪಡೆದವರಲ್ಲಿ ಶೇ. 52.8, ದಿನಕ್ಕೆ 1.5 ಮಿಲಿಗ್ರಾಂ ಎವೆರೊಲಿಮಸ್ ಪಡೆದವರಲ್ಲಿ ಶೇ. 35.7, 3 ಮಿಲಿಗ್ರಾಂ ಪಡೆದವರಲ್ಲಿ ಶೇ. 30.4.

ಈ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳನ್ನು ಕೇಳಿ: ಶೇಕಡ ಯಾರಲ್ಲಿ? 634 ಮಂದಿಯಲ್ಲಲ್ಲ. ಧಮನಿಯೊಳಗೆ ನಳಿಕೆ ತೂರಿಸಿ, ಶ್ರವಣಾತೀತ ಧ್ವನಿಯಿಂದ ಎರಡು ಬಾರಿ ಅಳೆಯಲಾದದ್ದು ಸುಮಾರು ಮೂರನೆಯ ಒಂದು ಪಾಲಿನವರಲ್ಲಿ ಮಾತ್ರ. ವರ್ಷದೊಳಗೆ ತೀರಿಕೊಂಡವರಿಗೆ ಎರಡನೆಯ ಅಳತೆಯೇ ಇಲ್ಲ! ‘ರೋಗ’ವೆಂದರೂ ಇಲ್ಲಿ ಒಳಪದರ ಅರ್ಧ ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಾಗುವುದು, ಅಷ್ಟೆ. ಹೀಗೆ ದಪ್ಪವಾದವರಲ್ಲಿ ಮುಂದೆ ಸಾವು ಹೆಚ್ಚೆಂಬುದು 2005ರ ಅಧ್ಯಯನದಲ್ಲಿ ಕಂಡಿತು, ನಿಜ. ಆದರೆ ಸೂಚಕವನ್ನು ತಗ್ಗಿಸುವುದೂ ಸಾವನ್ನು ತಗ್ಗಿಸುವುದೂ ಒಂದೇ ಅಲ್ಲ. ಉಷ್ಣಮಾಪಕವನ್ನು ತಣ್ಣೀರಿಗೆ ಅದ್ದಿದರೆ ಜ್ವರ ಇಳಿಯದು. (ಹೋಲಿಕೆ ತುಸು ಒರಟು, ಎವೆರೊಲಿಮಸ್ ಕಸಿಯ ತಿರಸ್ಕಾರವನ್ನೂ ಕಡಿಮೆ ಮಾಡಿತ್ತು.) ಒಂದು ವರ್ಷದಲ್ಲಿ ಬದುಕುಳಿದವರ ಪ್ರಮಾಣ ಮೂರೂ ಗುಂಪುಗಳಲ್ಲಿ ಹೆಚ್ಚು ಕಡಿಮೆ ಸಮನಾಗಿತ್ತು. ಎವೆರೊಲಿಮಸ್ ಪಡೆದವರ ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು, ಎಂದರೆ ಮೂತ್ರಪಿಂಡ ಬಳಲಿತ್ತು. ಲೇಖಕರು ಇದನ್ನು ಮುಚ್ಚಿಡಲಿಲ್ಲ, ಉಲ್ಲೇಖಿಸುವವರು ಬಿಟ್ಟುಬಿಡುತ್ತಾರೆ.

ನನ್ನ ದೊಡ್ಡ ಆಕ್ಷೇಪ ಹೋಲಿಕೆಗೆ ಆರಿಸಿದ ಔಷಧದ ಬಗ್ಗೆ. ಮೈಕೊಫಿನೊಲೇಟ್ ಅಜಥಯೊಪ್ರಿನ್‌ಗಿಂತ ಮೇಲೆಂದು 1998ರಲ್ಲೇ ವರದಿಯಾಗಿತ್ತು. ಸೋಲಿಸಬೇಕಾದದ್ದು ಅದನ್ನು. ಆ ಸ್ಪರ್ಧೆಯ ಫಲಿತಾಂಶ ಬಂದದ್ದು 2013ರಲ್ಲಿ. ಒಳಪದರದ ಅಳತೆಯಲ್ಲಿ ಎವೆರೊಲಿಮಸ್ ಮತ್ತೆ ಗೆದ್ದಿತು: ಶೇ. 26.7ಕ್ಕೆ ಎದುರಾಗಿ ಶೇ. 12.5. ಆದರೆ ಇದು 1.5 ಮಿಲಿಗ್ರಾಂ ಗುಂಪಿನದು. 2003ರಲ್ಲಿ ಅತ್ಯುತ್ತಮ ಅಂಕಿ ತೋರಿಸಿದ್ದ 3 ಮಿಲಿಗ್ರಾಂ ಪ್ರಮಾಣವನ್ನು, ಸಾವುಗಳು ಹೆಚ್ಚಾದುದರಿಂದ, ನಡುವಿನಲ್ಲೇ ನಿಲ್ಲಿಸಲಾಗಿತ್ತು.